ಮನೆಯೊಳಗಿನ ವಿಷಗಾಳಿ



ಗಿರಣಿಯಲ್ಲಿ ಹತ್ತಿಯ ಧೂಳು ಎದೆ ಹೊಕ್ಕರೆ ಮಾಲೀಕರನ್ನು ಕೇಳುತ್ತೇವೆ. ಕೇಳಲೇಬೇಕು. ಆದರೆ ನಮ್ಮ ಮನೆಯ ಹೆಂಗಸರು ಉಸಿರಾಡುವ ವಿಷಗಾಳಿಗೆ ಯಾರನ್ನು ಕೇಳೋಣ?

ಪಾಯಖಾನೆ ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿ ಚೆಲ್ಲಿ, ಅದರ ಮೇಲೆಯೇ ಆಸಿಡ್ ಸುರಿಯುವುದುಂಟು. ಎರಡೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಮಿನ ಈಪ್ರ್ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ. ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಇವೆರಡನ್ನು ಎಂದಿಗೂ ಕೂಡಿಸಬೇಡಿ. ದಿನದ ಕೆಲಸಕ್ಕೆ ಸೋಪಿನ ನೀರು, ಬಿರುಸಾದ ಬ್ರಷ್ಷು ಸಾಕು. ಅಂಗಡಿಯ ಬಂಧುಗಳೇ, ಆಸಿಡ್ ಸೀಸೆ ಕೊಡುವಾಗ ಈ ಮಾತನ್ನೂ ಹೇಳಿ ಕೊಡಿ.

ಇನ್ನು ಒಲೆಯ ಮಾತು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದು ಕೆಡುತ್ತದೆ. ಹಾಗೆ ಕೆಟ್ಟ ಅಂಶ ನೂರಕ್ಕೆ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂದಿದೆ. "ಎಣ್ಣೆ ತುಟ್ಟಿ, ಚೆಲ್ಲಿದರೆ ನಮ್ಮ ಹೊಟ್ಟೆಗೇನು?" ಎಂದು ಬಜ್ಜಿ ಅಂಗಡಿಯವರು ಕೇಳಬಹುದು. ಆ ಕಷ್ಟ ಸುಳ್ಳಲ್ಲ. ಆದರೆ ಆ ಬಜ್ಜಿ ತಿನ್ನುವವನೂ ಪಕ್ಕದ ಓಣಿಯ ಕೂಲಿಯೇ ಅಲ್ಲವೇ? ಸಣ್ಣ ಬಾಣಲೆಯಿಡಿ, ಬೇಕಾದಷ್ಟೇ ಎಣ್ಣೆ ಹಾಕಿ. ಹೊಗೆಯೇಳುವಷ್ಟು ಕಾಯಿಸಬೇಡಿ. ಕಪ್ಪಾಗಿ ಜಿಗುಟಾದ ಎಣ್ಣೆಯನ್ನು ಮತ್ತೆ ಒಲೆಗೇರಿಸಬೇಡಿ.

ಹಾಗಾದರೆ ಯಾರನ್ನು ಕೇಳೋಣ? ಮೊದಲು ನಮ್ಮನ್ನೇ. ಆಮೇಲೆ, ಕಿಟಕಿಯಿಲ್ಲದ ಅಡಿಗೆಮನೆಗೆ ತಿಂಗಳು ತಪ್ಪದೆ ಬಾಡಿಗೆ ಎಣಿಸಿಕೊಳ್ಳುವ ಮನೆ ಮಾಲೀಕನನ್ನು. ಒಂದು ಕಿಟಕಿ ಬೇಕೆಂದು ಓಣಿಯವರೆಲ್ಲ ಒಟ್ಟಾಗಿ ಕೇಳಿರಿ. ಅದೂ ನಮ್ಮ ಹಕ್ಕೇ.