ಉತ್ತರಪತ್ರಿಕೆ ತೂಗುವ ತಕ್ಕಡಿ

(ಶಾಲೆಯ ಪಾಲಕರ ಸಭೆಯಲ್ಲಿ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಹೊಲದ ಕೆಲಸ ಬಿಟ್ಟು ತಾವು ಇಲ್ಲಿಗೆ ಬಂದಿದ್ದೀರಿ. ತಮ್ಮ ಹೊತ್ತನ್ನು ಹೆಚ್ಚು ತೆಗೆದುಕೊಳ್ಳುವುದಿಲ್ಲ. ಮಕ್ಕಳ ಪರೀಕ್ಷೆಯ ಕಾಗದಗಳನ್ನು ಈಗ ಗಣಕಯಂತ್ರವೂ ತಿದ್ದಬಲ್ಲದು. ಅದು ಹೇಗೆ ತಿದ್ದುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನಮ್ಮ ಕಷ್ಟ ಕೇಳಿ. ತರಗತಿಯಲ್ಲಿ 40 ಮಕ್ಕಳು, ಒಂದು ಕಿರುಪರೀಕ್ಷೆಗೆ 25 ಪ್ರಶ್ನೆ ಎಂದರೆ ಉಪಾಧ್ಯಾಯರು 1000 ಉತ್ತರ ನೋಡಬೇಕು. ತಿದ್ದಿ ಮುಗಿಸುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತದೆ. ಭಾಗಾಕಾರ ಬಾರದ ಮಗು ಹಾಗೆಯೇ ಭಿನ್ನರಾಶಿಗೆ ದಾಟುತ್ತದೆ. ಬೆಳೆಗೆ ಹುಳು ಬಿದ್ದದ್ದು ಸುಗ್ಗಿಯಲ್ಲಿ ತಿಳಿದರೆ ಏನು ಪ್ರಯೋಜನ?

ಯಂತ್ರದಿಂದ ತಿದ್ದಿಸುವುದು ಹೊಸ ಮಾತಲ್ಲ. ಅಮೆರಿಕದ ಮಿಚಿಗನ್ ಪ್ರಾಂತದ ಶಾಲಾ ಉಪಾಧ್ಯಾಯ ರೆನಾಲ್ಡ್ ಜಾನ್ಸನ್ ಎಂಬುವರ ಆಲೋಚನೆಯಿಂದ ಐ.ಬಿ.ಎಂ. ಕಂಪನಿಯು 1938ರಲ್ಲಿ ಇಂಥ ಯಂತ್ರವನ್ನು ಹೊರತಂದಿತು. ಸೀಸದಕಡ್ಡಿಯ ಗುರುತಿನಲ್ಲಿ ವಿದ್ಯುತ್ತು ಹರಿಯುತ್ತದೆ. ಆ ಗುಣದಿಂದಲೇ ಅದು ಉತ್ತರ ಎಣಿಸುತ್ತಿತ್ತು. ಮುಂದೆ ಬೆಳಕಿನಿಂದ ಓದುವ ಯಂತ್ರಗಳು ಬಂದವು. ಸಿ.ಇ.ಟಿ. ಬರೆದ ಮಕ್ಕಳನ್ನು ಕೇಳಿ, ಓ.ಎಂ.ಆರ್. ಹಾಳೆ ಅವರಿಗೆ ಗೊತ್ತು. ಅಂಥ ದೊಡ್ಡ ಯಂತ್ರ ಹಳ್ಳಿಯ ಶಾಲೆಗೆ ಎಟುಕದು. ಆದರೆ ಈಗ ಒಂದು ಗಣಕಯಂತ್ರ, ಒಂದು ಸಾಧಾರಣ ಸ್ಕ್ಯಾನರ್ ಇದ್ದರೆ ಸಾಕು. ತಂತ್ರಾಂಶಕ್ಕೆ ಹಣವಿಲ್ಲ.

ನಾನು ಬಳಸುವುದು ಫ್ರಾನ್ಸ್ ದೇಶದಲ್ಲಿ ಹುಟ್ಟಿದ 'ಆಟೋ ಮಲ್ಟಿಪಲ್ ಚಾಯ್ಸ್' ಎಂಬ ತಂತ್ರಾಂಶ. 'ಓ.ಎಂ.ಆರ್. ಚೆಕರ್' ಎಂಬ ಇನ್ನೊಂದುಂಟು. ಅದು ಮೊಬೈಲಿನಲ್ಲಿ ತೆಗೆದ ಚಿತ್ರವನ್ನೂ ಓದುತ್ತದೆ. ಕೆಲಸದ ರೀತಿ ಹೀಗಿದೆ. ಪ್ರಶ್ನೆಪತ್ರಿಕೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಕಪ್ಪು ಗುಂಡುಗಳು ಅಚ್ಚಾಗಿರುತ್ತವೆ. ಹಾಳೆ ಸೊಟ್ಟಗೆ ಕೂತಿದ್ದರೂ ಆ ಗುಂಡುಗಳನ್ನು ಹಿಡಿದು ಯಂತ್ರ ಚಿತ್ರವನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಹೊಲದ ಗಡಿಕಲ್ಲು ನೋಡಿ ಅಳತೆ ಹಿಡಿದಂತೆ. ಆಮೇಲೆ ಪ್ರತಿ ಉತ್ತರದ ಮನೆಯಲ್ಲಿ ಎಷ್ಟು ಭಾಗ ಕಪ್ಪಾಗಿದೆ ಎಂದು ಅಳೆಯುತ್ತದೆ. ನಾವು ಇಟ್ಟ ಮಿತಿಗಿಂತ ಹೆಚ್ಚು ಕಪ್ಪಾಗಿದ್ದರೆ ಅದು ಗುರುತು, ಕಡಿಮೆಯಾದರೆ ಖಾಲಿ. ಇಷ್ಟೇ ಅದರ ವಿದ್ಯೆ.

ಈ ಮಿತಿಯಲ್ಲಿಯೇ ನಾನು ಎಡವಿದೆ. ಮೊದಲ ಸಲ ಬಳಸಿದಾಗ ಒಬ್ಬ ಹುಡುಗಿಗೆ 25ಕ್ಕೆ 4 ಬಂತು. ಅವಳ ತಂದೆ ಬಂದು, "ಮೇಷ್ಟ್ರೆ, ಡೈರಿ ಲೆಕ್ಕ, ಆಳಿನ ಲೆಕ್ಕ ಎಲ್ಲಾ ಮನೇಲಿ ಇವಳೇ ಬರೆಯೋದು. ನಾಲ್ಕು ಹೆಂಗೆ ಬಂತು?" ಎಂದು ಕೇಳಿದರು. ಯಂತ್ರ ಹೇಳಿದೆ ಎಂದು ಅವರನ್ನು ಕಳಿಸಿಬಿಡಬಹುದಾಗಿತ್ತು. ಹಾಳೆ ತೆಗೆದು ಇಬ್ಬರೂ ನೋಡಿದೆವು. ಹುಡುಗಿ ಮನೆ ತುಂಬದೆ ತೆಳುವಾಗಿ ಗೀಟು ಎಳೆದಿದ್ದಳು. ನಾನು ಮಿತಿಯನ್ನು ಹೆಚ್ಚಿಗೆ ಇಟ್ಟಿದ್ದೆ. ಮಿತಿ ಇಳಿಸಿ ಲೆಕ್ಕ ಹಾಕಿಸಿದಾಗ 19 ಬಂತು. ಆದರೆ ಮಿತಿ ಇಳಿಸಿದ್ದರಿಂದ ಇನ್ನೊಬ್ಬ ಹುಡುಗ ರಬ್ಬರಿನಿಂದ ಅಳಿಸಿದ ಕಲೆಯೂ ಉತ್ತರವೆಂದು ಎಣಿಕೆಯಾಯಿತು! ಕೊನೆಗೆ ಸಂಶಯದ ಮನೆಗಳನ್ನೆಲ್ಲ ಕಣ್ಣಿನಿಂದ ನೋಡಿ ಕೈಯಿಂದಲೇ ಸರಿಪಡಿಸಿದೆ. ಅದಕ್ಕೆ ತಂತ್ರಾಂಶದಲ್ಲಿ ಅವಕಾಶವಿದೆ.

ಆ ತಂದೆ ಕೇಳದೆ ಹೋಗಿದ್ದರೆ? ಜಾಣ ಹುಡುಗಿಯನ್ನು ದಡ್ಡಿ ಎಂದು ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದೆ.

ಆದುದರಿಂದ ನನ್ನ ಮುಖ್ಯ ಮಾತು ಇದು. ಡೈರಿಯಲ್ಲಿ ಹಾಲಿನ ಫ್ಯಾಟ್ ಕಡಿಮೆ ಬಂದರೆ ತಾವು ಸುಮ್ಮನಿರುತ್ತೀರಾ? ಇನ್ನೊಂದು ಸಲ ನೋಡಿ ಎನ್ನುತ್ತೀರಿ. ಮಂಡಿಯಲ್ಲಿ ತಕ್ಕಡಿಯ ಮುಳ್ಳು ಕಾಣಬೇಕು ಎನ್ನುತ್ತೀರಿ. ಮಕ್ಕಳ ಅಂಕವೂ ಹಾಗೆಯೇ. ಮುಕ್ತ ತಂತ್ರಾಂಶವೆಂದರೆ ಮುಳ್ಳು ಕಾಣುವ ತಕ್ಕಡಿ. ಅದರ ಒಳಗಿನ ಸೂಚನೆಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ನೆರೆಯ ಊರಿಗೂ ಕೊಡಬಹುದು. ಮನೆಯ ಬಿತ್ತನೆ ಬೀಜವನ್ನು ನೆಂಟರಿಗೆ ಕೊಟ್ಟ ಹಾಗೆ. ಅದನ್ನು ಓದುವ ವಿದ್ಯೆ ನನಗಾಗಲಿ ತಮಗಾಗಲಿ ಇಲ್ಲದಿರಬಹುದು. ಬಲ್ಲವರನ್ನು ಕರೆದು ತೋರಿಸುವ ಹಕ್ಕು ಮಾತ್ರ ನಮಗಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಹಕ್ಕಿಲ್ಲ.

ಯಂತ್ರ ಮಾಡಲಾರದ್ದೂ ಇದೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳನ್ನು ಅದು ಎಣಿಸೀತು. ಮಗು ತನ್ನ ಮಾತಿನಲ್ಲಿ ಬರೆದ ಉತ್ತರವನ್ನು, ಲೆಕ್ಕದ ಹಂತಗಳನ್ನು ಉಪಾಧ್ಯಾಯರೇ ಓದಬೇಕು. ಯಂತ್ರ ಉಳಿಸಿದ ಹೊತ್ತು ಆ ಕೆಲಸಕ್ಕೆ ಸಲ್ಲಬೇಕು. 40 ಮಕ್ಕಳಲ್ಲಿ 30 ಮಂದಿ ಒಂದೇ ಪ್ರಶ್ನೆಗೆ ತಪ್ಪಿದರೆ, ತಪ್ಪು ಮಕ್ಕಳದಲ್ಲ, ಪಾಠದ್ದು ಎಂದು ಅದೇ ದಿನ ತಿಳಿಯುತ್ತದೆ. ಮರುದಿನ ಆ ಪಾಠವನ್ನು ಮತ್ತೆ ಮಾಡಬಹುದು. ಇದೇ ನಿಜವಾದ ಲಾಭ.

ತಾವು ಮಾಡಬೇಕಾದದ್ದು ಮೂರು ಕೆಲಸ. ಒಂದು, ಅಂಕ ಮಾತ್ರ ನೋಡಬೇಡಿ. ತಿದ್ದಿದ ಹಾಳೆಯನ್ನು ಕೇಳಿ. ಗುರುತುಗಳ ಮೇಲೆ ಸರಿತಪ್ಪು ತೋರಿಸಿದ ಪ್ರತಿಯನ್ನು ಈ ತಂತ್ರಾಂಶವೇ ಮಾಡಿಕೊಡುತ್ತದೆ. ಎರಡು, ಮನೆಯಲ್ಲಿ ಮಕ್ಕಳಿಗೆ ಮನೆಯನ್ನು ಪೂರ್ತಿ ತುಂಬುವುದನ್ನು ಅಭ್ಯಾಸ ಮಾಡಿಸಿ. ಮೂರು, ಸಂಶಯದ ಹಾಳೆಗಳನ್ನು ಯಾರು ನೋಡಿದರು ಎಂದು ಎಸ್.ಡಿ.ಎಂ.ಸಿ. ಸಭೆಯಲ್ಲಿ ಪ್ರತಿ ಪರೀಕ್ಷೆಯ ನಂತರ ವಿಚಾರಿಸಿ.

ಓದು ಬಾರದ ನಾವು ಏನು ಕೇಳುವುದು ಎಂದು ಯಾರೂ ಸಂಕೋಚಪಡಬೇಡಿ. ಆ ಹುಡುಗಿಯ ತಂದೆಗೂ ಓದು ಬರುತ್ತಿರಲಿಲ್ಲ. ಮಗಳು ಏನೆಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.