ಬೋಳು ಅಲ್ಲದ ಬೆಟ್ಟ



ಕುದುರೆಮುಖಕ್ಕೆ ಮೊದಲ ಸಲ ಹೋದವರು ಅಲ್ಲಿನ ಹಸಿರು ಗುಡ್ಡಗಳನ್ನು ಕಂಡು ಬೆರಗಾಗುತ್ತಾರೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: ಇಷ್ಟು ಮಳೆ ಬೀಳುವ ಜಾಗದಲ್ಲಿ ಮರಗಳೇಕಿಲ್ಲ? ಈ ಪ್ರಶ್ನೆಯಿಂದಲೇ ಆ ಬೆಟ್ಟಕ್ಕೆ ಬಹಳ ಅನ್ಯಾಯವಾಗಿದೆ. ಬೋಳುಗುಡ್ಡವೆಂದು ಬಗೆದು ಅಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟದ್ದೂ ಉಂಟು.

ನಿಜಕ್ಕೂ ಆ ಹುಲ್ಲೇ ಅಲ್ಲಿಯ ಕಾಡು. ನೆತ್ತಿಯಲ್ಲಿ ಮಣ್ಣು ತೆಳು, ಗಾಳಿ ಬಿರುಸು. ಅಲ್ಲಿ ನಿಲ್ಲುವುದು ಹುಲ್ಲು ಮಾತ್ರ. ಎರಡು ಗುಡ್ಡಗಳು ಕೂಡುವ ಮಡಿಲಲ್ಲಿ ಮಣ್ಣು ಆಳ, ತೇವವೂ ಹೆಚ್ಚು. ಆ ಮಡಿಲನ್ನು ಹಿಡಿದು ಬೆಳೆದ ದಟ್ಟ ಕಾಡೇ ಶೋಲಾ. ಆಷಾಢದ ಮಳೆಗೆ ಬೆಟ್ಟ ಗೊರಬು ಹೊದ್ದ ಹಾಗೆ ಹುಲ್ಲು ಹನಿಗಳ ಹೊಡೆತವನ್ನು ತಾನು ತಡೆದು, ನೀರನ್ನು ನಿಧಾನವಾಗಿ ಕೆಳಕ್ಕೆ ಬಿಡುತ್ತದೆ. ಶೋಲಾದೊಳಗೆ ಕಾಲಿಟ್ಟರೆ ಬಿಸಿಲಿನ ಪರಿವೆಯೇ ಇರುವುದಿಲ್ಲ. ಗಿಡ್ಡ, ಸೊಟ್ಟ ಮರಗಳು. ಕಾಂಡದ ತುಂಬ ಪಾಚಿ, ಕೊಂಬೆಗೆ ಅಂಟಿದ ಸೀತಾಳೆ. ಸುಗ್ಗಿ ಮುಗಿದ ಮೇಲೂ ಅಲ್ಲಿನ ದರಗನ್ನು ಸರಿಸಿ ನೋಡಿ, ಕೆಳಗಿನ ಮಣ್ಣು ಕಪ್ಪಗೆ, ತಣ್ಣಗೆ ಒದ್ದೆಯಾಗಿರುತ್ತದೆ. ಅದರಡಿಯಿಂದ ಜಿನುಗಿದ ನೀರೇ ಹಳ್ಳವಾಗುತ್ತದೆ.

ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಈ ಬೆಟ್ಟಸಾಲಿನಲ್ಲಿ. ನೇತ್ರಾವತಿ ಪಡುವಣಕ್ಕಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಬಯಲುಸೀಮೆಯ ಗದ್ದೆಗಳಿಗೆ ನೀರುಣಿಸಿ, ಕೃಷ್ಣೆಯೊಡನೆ ಮೂಡಣ ಕಡಲಿಗೆ ಹೋಗುತ್ತಾರೆ. ಹೊಸಪೇಟೆಯ ರೈತನಿಗೂ ಮಂಗಳೂರಿನ ಗೃಹಿಣಿಗೂ ನೀರಿನ ಋಣ ಇರುವುದು ಇದೇ ಹುಲ್ಲಿಗೆ.

ಕೆಳಗಿನ ನಿತ್ಯಹರಿದ್ವರ್ಣ ಕಾಡಿನಲ್ಲಿ ಸಿಂಗಳೀಕವಿದೆ. ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ್ದೇ ಕುಚ್ಚು. ಕೊಂಬೆಯಿಂದ ಕೊಂಬೆಗೆ ದಾರಿ ಇದ್ದರೆ ಮಾತ್ರ ಅದರ ಸಂಸಾರ ಸಾಗುತ್ತದೆ; ನೆತ್ತಿಚಪ್ಪರ ಹರಿದಲ್ಲಿ ಅದು ಅತಂತ್ರ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಅದರ ಆಧಾರದ ಮೇಲೆ 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು.

ಆದರೆ ಉದ್ಯಾನದ ಹೃದಯದಲ್ಲೇ ಕಬ್ಬಿಣದ ಅದಿರಿನ ಗಣಿ ನಡೆದಿತ್ತು. ಅದಿರನ್ನು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಪರಿಸರಪ್ರಿಯರು ವರ್ಷಗಟ್ಟಲೆ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು; 2005ರ ಕೊನೆಗೆ ಗಣಿ ನಿಂತಿತು. ಅನೇಕರ ಅನ್ನ ಹೋಯಿತು, ಟೌನ್‌ಶಿಪ್ ಖಾಲಿಯಾಯಿತು. ಆ ನೋವು ಸಣ್ಣದಲ್ಲ. ಆದರೂ ಆ ತೀರ್ಪು ಸರಿಯೆಂದೇ ನನ್ನ ದೃಢವಾದ ನಂಬಿಕೆ. ಅದಿರು ಒಂದು ತಲೆಮಾರಿಗೆ ಮುಗಿಯುತ್ತದೆ, ಭದ್ರೆ ಮುಗಿಯಬಾರದು.

ಈಗ ಗಣಿಯಿಲ್ಲ, ಚಾರಣಿಗರಿದ್ದಾರೆ. ಕಳಸ, ಸಂಸೆಯ ಕಡೆಯಿಂದ ಶಿಖರ ಹತ್ತಲು ಹೊರಟಿದ್ದರೆ, ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಫೋಟೋಕ್ಕಾಗಿ ಕಾಲುದಾರಿ ಬಿಟ್ಟು ಇಳಿಜಾರಿನ ಹುಲ್ಲು ತುಳಿಯಬೇಡಿ. ಬೇಸಿಗೆಯಲ್ಲಿ ಒಣಗಿದ ಆ ಹುಲ್ಲಿಗೆ ಒಂದು ಕಿಡಿ ಸಾಕು. ಬೆಂಕಿಪೊಟ್ಟಣವನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಹೋಗಿ.