ಎರವಲು ಮುದ್ರೆಯ ನಾಣ್ಯಗಳು
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಸುವರ್ಣ ಮಹೋತ್ಸವದಲ್ಲಿ ನಾನು ಬೆಳ್ಳಿಯ ಮಾತಿನಿಂದ ಶುರು ಮಾಡುತ್ತೇನೆ.

ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಲೆಕ್ಸಾಂಡರನ ತಂದೆ, ಮ್ಯಾಸಿಡೋನಿಯದ ದೊರೆ ಎರಡನೆಯ ಫಿಲಿಪ್ ಬೆಳ್ಳಿ ನಾಣ್ಯ ಹೊರಡಿಸಿದ. ಒಂದು ಕಡೆ ಗ್ರೀಕರ ದೇವರಾಜ ಜೀಯಸ್‌ನ ತಲೆ. ಇನ್ನೊಂದು ಕಡೆ ಕುದುರೆ ಸವಾರ ಮತ್ತು ಫಿಲಿಪ್ಪನ ಹೆಸರು. ಕೂಲಿ ಸೈನಿಕರ ಸಂಬಳವಾಗಿ, ವ್ಯಾಪಾರದ ಹಣವಾಗಿ ಅದು ಡ್ಯಾನ್ಯೂಬ್ ನದಿಯ ಆಸುಪಾಸಿನ ಕೆಲ್ಟ್ ಜನರ ಕೈ ಸೇರಿತು. ಅವರು ತಮ್ಮದೇ ನಾಣ್ಯ ಮಾಡಲು ಹೊರಟಾಗ ಅದನ್ನೇ ನಕಲು ಮಾಡಿದರು. ತಲೆಮಾರುಗಳು ಕಳೆದಂತೆ ಗ್ರೀಕ್ ಅಕ್ಷರಗಳು ಬರಿಯ ಗೀಟುಗಳಾದವು, ಜೀಯಸ್‌ನ ಗಡ್ಡ ಸುರುಳಿಗಳಾಯಿತು, ಕುದುರೆ ಚುಕ್ಕಿ-ಕಮಾನುಗಳ ಚಿತ್ರವಾಯಿತು. ಇದು ಕೈ ಪಳಗದವರ ಕೆಲಸವೆಂದು ತೋರಬಹುದು. ಆದರೆ ಕೆಲ್ಟರ ಕತ್ತಿಯ ಒರೆಗಳ ಮೇಲೂ ಒಡವೆಗಳ ಮೇಲೂ ಅಂಥದೇ ಸುರುಳಿಗಳಿವೆ. ಎರವಲು ತಂದ ರೂಪವನ್ನು ಅವರು ತಮ್ಮದಾಗಿಸಿಕೊಂಡಿದ್ದರು.

ನಕಲು ಏಕೆ ಬೇಕಾಯಿತು? ಜನ ನಂಬಿದ ಮುದ್ರೆ ಇದ್ದರೆ ಸಂತೆಯಲ್ಲಿ ನಾಣ್ಯ ಸಲೀಸಾಗಿ ಓಡುತ್ತದೆ. ನಮ್ಮ ನಾಡಿನಲ್ಲಿಯೂ ಹೀಗೇ ಆಯಿತು. ವಿಜಯನಗರದ ವರಹದ ಮೇಲಿದ್ದ ಉಮಾಮಹೇಶ್ವರರು ಇಕ್ಕೇರಿ ವರಹಕ್ಕೆ ಬಂದರು. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಒತ್ತಿಸಿದ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೂ ಅದೇ ದಂಪತಿ ಕುಳಿತರು. ಅರಿಕುಠಾರವಾಗಿದ್ದ ಊರು ಚಾಮರಾಜನಗರವಾದದ್ದು ಇವರ ತಂದೆ ಚಾಮರಾಜ ಒಡೆಯರ ಹೆಸರಿನಿಂದಲೇ. ಅರಸರು ಬದಲಾದರೂ ಜನರ ನಂಬಿಕೆಯ ಮುದ್ರೆ ಬದಲಾಗಲಿಲ್ಲ.

ಮಕ್ಕಳೇ, ಇಷ್ಟೆಲ್ಲ ನಮಗೆ ತಿಳಿದದ್ದು ಆ ನಾಣ್ಯಗಳು ಕರಗದೆ ಉಳಿದದ್ದರಿಂದ. ಗುಂಡ್ಲುಪೇಟೆಯ ಕಡೆಯಾಗಲಿ, ಚಾಮರಾಜನಗರದ ಕಡೆಯಾಗಲಿ, ನಿಮ್ಮ ಹೊಲದಲ್ಲಿ ನೇಗಿಲ ತುದಿಗೆ ಹಳೆಯ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಕಸಾಲಿಗೂ ಕೊಡಬೇಡಿ. ಸಿಕ್ಕಿದ ಜಾಗವನ್ನು ಗುರುತು ಮಾಡಿ, ಮೇಷ್ಟರಿಗೆ ಹೇಳಿ, ಅವರ ಮೂಲಕ ತಹಸೀಲ್ದಾರರಿಗೆ ತಿಳಿಸಿ. ಕರಗಿಸಿದರೆ ತೂಕದ ಬೆಲೆ ಒಂದು ದಿನಕ್ಕೆ ಸಿಗಬಹುದು. ಅದು ಯಾವ ಮಣ್ಣಿನಲ್ಲಿ, ಯಾವುದರ ಜೊತೆಯಲ್ಲಿ ಇತ್ತೆಂಬ ಸಂಗತಿ ಮಾತ್ರ ಎಂದಿಗೂ ಮರಳಿ ಸಿಗದು. ನಮ್ಮ ಸೀಮೆಯ ಚರಿತ್ರೆಯಲ್ಲಿ ಬರೆಯದೆ ಉಳಿದಿರುವ ಪುಟ ನಿಮ್ಮ ಹೊಲದಲ್ಲೇ ಇರಬಹುದು. ಈ ಶಾಲೆಯಲ್ಲಿ ಕಲಿತವರ ಕೈಯಲ್ಲಿ ಅದು ಕಳೆದುಹೋಗದಿರಲಿ.